ಹೆಗ್ಗೋಡಿನಂಥ ಸಣ್ಣ ಊರಲ್ಲಿ ನೀನಾಸಂ ರಂಗಮಂದಿರ ಹೇಗೆ ಉಳಿದುಕೊಂಡಿತು?

ಒಂದೇ ಮಾತಲ್ಲಿ ಹೇಳಬೇಕಂದ್ರೆ, ನಾಟಕ ಆಡುವವರೂ ನೋಡುವವರೂ ಊರಿನವರೇ ಆಗಿದ್ದರು.

ಹೆಗ್ಗೋಡು ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಹಳ್ಳಿ. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಶುರುವಾಯಿತು. ಹಗಲು ತೋಟ, ಸಂಜೆ ತಾಲೀಮು. ಆ ಉದ್ದ ಹೆಸರಿನ ಮೊದಲ ಅಕ್ಷರಗಳೇ ಸೇರಿ 'ನೀನಾಸಂ' ಆಗಿದ್ದು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂದಿದ್ದು ಆಮೇಲೆ, 1970ರ ದಶಕದಲ್ಲಿ. ಅಂದರೆ ಪ್ರೇಕ್ಷಕರು ಮೊದಲು, ಕಟ್ಟಡ ನಂತರ. ಎಷ್ಟೋ ಊರುಗಳಲ್ಲಿ ಇದು ಉಲ್ಟಾ. ಕಲಾಭವನ ಕಟ್ಟಿ ಬೀಗ ಹಾಕಿಡುತ್ತಾರೆ, ಮದುವೆ ಇದ್ದಾಗ ತೆಗೆಯುತ್ತಾರೆ, ಅಲ್ವಾ?

ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಹಳ್ಳಿಯವರ ಅಭಿರುಚಿಯನ್ನು ಕಡಿಮೆ ಅಂದುಕೊಳ್ಳಲಿಲ್ಲ. ಚಿತ್ರಸಮಾಜ ಕಟ್ಟಿ ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾಗಳನ್ನೂ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ 'ತಿರುಗಾಟ' ಶುರುವಾದವು. ನನಗೆ ಜಾಸ್ತಿ ಇಷ್ಟ ಈ ತಿರುಗಾಟವೇ. ನಟರು ಸೆಟ್ಟು, ಲೈಟು, ಬಟ್ಟೆಯ ಪೆಟ್ಟಿಗೆ ಎಲ್ಲ ಹೇರಿಕೊಂಡು ಊರೂರಿಗೆ ಹೋಗುತ್ತಾರೆ. ಸಂಜೆ ರಾಜನ ವೇಷದಲ್ಲಿದ್ದವನೇ ಆಟ ಮುಗಿದ ಮೇಲೆ ಸೆಟ್ಟು ಬಿಚ್ಚಿ ಹೊರುತ್ತಾನೆ. ಆ ಊರಿನವರೇ ಟಿಕೆಟ್ ಮಾರುತ್ತಾರೆ, ತಂಡಕ್ಕೆ ಊಟ ಹಾಕುತ್ತಾರೆ. ಹೀಗೆ ಹೆಗ್ಗೋಡಿನ ನಾಟಕಕ್ಕೆ ಕರ್ನಾಟಕದ ತುಂಬ ನೆಂಟರಾದರು.

ಅಕ್ಟೋಬರ್ ಹೊತ್ತಿಗೆ ಅಲ್ಲಿ ಸಂಸ್ಕೃತಿ ಶಿಬಿರ ನಡೆಯುತ್ತದೆ. ಒಮ್ಮೆ ಹೋಗಿ. ಕೊಡೆ ಮಾತ್ರ ಮರೆಯಬೇಡಿ.