ಕುಬಸಕ್ಕೆ ಮುಂಚೆ ಇನ್ನೊಂದು ಪರೀಕ್ಷೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಹುಬ್ಬಳ್ಳಿಯ ಹೆಣ್ಣುಮಗಳು, ವಯಸ್ಸು 31, ಚೊಚ್ಚಲ ಬಸಿರು, ಹತ್ತನೇ ವಾರ. ಎತ್ತರ 155 ಸೆಂ.ಮೀ., ತೂಕ 78 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 32 ದಾಟಿತ್ತು. ನಮ್ಮವರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ತಾಯಿಗೆ ಶುಗರ್, ಈಕೆಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ).

ಇದನ್ನೆಲ್ಲ ಫೋನಿನಲ್ಲಿ ಎಲ್ಲೋ ತುಂಬಿ ನೋಡಿದ್ದಾಳೆ. 'ಹೆಚ್ಚು ಅಪಾಯ' ಎಂದು ಕೆಂಪು ಅಕ್ಷರದಲ್ಲಿ ಬಂದಿದೆ. "ನನಗ ಶುಗರ್ ಬಂದೇ ಬಿಡ್ತದರೀ ಮೇಡಂ" ಅಂದಳು. ಅವತ್ತಿನಿಂದ ರಾತ್ರಿ ಊಟ ಇಲ್ಲ, ಮಧ್ಯಾಹ್ನ ಅರ್ಧ ರೊಟ್ಟಿ.

ನಾನು ಮಾಡಿದ ತಪ್ಪು: ಮೊದಲು ತೂಕದ ಮಾತೆತ್ತಿದೆ. ಆಕೆ ಸುಮ್ನೆ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಮತ್ತೆ ಬಾಯಿ ಬಿಡಿಸಲು ಹತ್ತು ನಿಮಿಷ ಬೇಕಾಯಿತು.

ಆಮೇಲೆ ಹೇಳಿದ್ದು ಇಷ್ಟು. ಫೋನು ಹೇಳಿದ್ದು ಬರೀ ಅಂದಾಜು. ದಪ್ಪಗಿರುವ ಎಷ್ಟೋ ಬಸುರಿಯರಿಗೆ ಶುಗರ್ ಬರುವುದೇ ಇಲ್ಲ, ತೆಳ್ಳಗಿದ್ದವರಿಗೂ ಬರುತ್ತದೆ. ತೂಕ ಜಾಸ್ತಿ ಇದ್ದ ಹಲವರಲ್ಲಿ ಇನ್ಸುಲಿನ್ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಬಸಿರು ಬೆಳೆದಂತೆ ಮಾಸಿನ ಹಾರ್ಮೋನುಗಳು ಅದನ್ನು ಇನ್ನಷ್ಟು ತಡೆಯುತ್ತವೆ. ಅದಕ್ಕೇ ಪರೀಕ್ಷೆ ಎರಡು ಸಲ: ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸುತ್ತಾರೆ, ಎರಡು ತಾಸಿಗೆ ರಕ್ತ ತೆಗೆಯುತ್ತಾರೆ. ಸಕ್ಕರೆ 140 (ಮಿ.ಗ್ರಾಂ/ಡಿ.ಎಲ್.) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸಿರಿನ ಶುಗರ್. ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ.

ಉಪವಾಸ ಅವತ್ತೇ ಬಿಡಿಸಿದೆ. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಸಂಜೆಯ ಗಿರ್ಮಿಟ್ ವಾರಕ್ಕೊಮ್ಮೆ. ಊಟವಾದ ಮೇಲೆ ಇಪ್ಪತ್ತು ನಿಮಿಷ ನಡಿಗೆ, ವೈದ್ಯರನ್ನು ಕೇಳಿಕೊಂಡು. ತೂಕ ಇಳಿಸುವ ಕಾಲ ಇದಲ್ಲ. ಇಷ್ಟು ಬಿಎಂಐ ಇದ್ದವರಿಗೆ ಹೆರಿಗೆ ತನಕ 5ರಿಂದ 9 ಕೆ.ಜಿ. ಏರಿದರೆ ಸಾಕು.

ಮೊದಲ ಪರೀಕ್ಷೆ 118. ಅತ್ತೆ ನನಗೂ ಪೇಡೆ ತಂದುಕೊಟ್ಟರು. "ಇನ್ನ ಯಾಕ್ರೀ ಪರೀಕ್ಷಾ?" ಎಂದೂ ಕೇಳಿದರು. ನನಗೆ ಭಯ ಇದ್ದದ್ದು ಇಲ್ಲೇ. ಮೊದಲ ಸಲ ಸರಿ ಬಂದರೆ ಎರಡನೆಯದನ್ನು ಬಿಡುವವರೇ ಜಾಸ್ತಿ ಅಂತ ನನ್ನ ಅನುಭವ. ಏಳನೇ ತಿಂಗಳಲ್ಲಿ ಕುಬಸ (ಸೀಮಂತ) ಅಂದರು. "ಹಾಗಾದರೆ ಕುಬಸಕ್ಕೆ ದಿನ ನೋಡುವಾಗಲೇ ಇದಕ್ಕೂ ಒಂದು ದಿನ ನೋಡಿಬಿಡಿ" ಅಂದೆ. ಅತ್ತೆ ನಕ್ಕರು. ಆದರೆ ಮರೆಯಲಿಲ್ಲ.

26ನೇ ವಾರದಲ್ಲಿ 152 ಬಂತು.

ಈ ಸಲ ಆಕೆ ಅಳಲಿಲ್ಲ. "ಏನ್ ತಿನ್ನಲಿ ಹೇಳ್ರಿ" ಎಂದು ನೋಟ್‌ಬುಕ್ ತೆರೆದಳು. ವೈದ್ಯರು ಎರಡು ವಾರ ಊಟದಲ್ಲೇ ನೋಡೋಣ ಅಂದರು. ಊಟವಾಗಿ ಎರಡು ತಾಸಿಗೆ 120ಕ್ಕಿಂತ ಕೆಳಗಿರಬೇಕು. ಆಕೆಗೆ 113 ಬಂತು. ಹಾಗಾಗಿ ಔಷಧಿ ಬೇಕಾಗಲಿಲ್ಲ. ಕುಬಸದಲ್ಲಿ ಮಡಿಲಿಗೆ ಬಂದ ಉಂಡಿಗಳನ್ನು ನಾದಿನಿಯರು ಹಂಚಿಕೊಂಡರಂತೆ.

ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಇದೇ ಗ್ಲೂಕೋಸ್ ಪರೀಕ್ಷೆ ಇದೆ. ಆಗ ಆಕೆ ತವರಲ್ಲಿರುತ್ತಾಳೆ. ಅದಕ್ಕೇ ಆ ತಾರೀಖನ್ನು ಗದಗಿನಲ್ಲಿರುವ ಅವಳ ತಾಯಿಯ ಫೋನಿನಲ್ಲೂ ಹಾಕಿಸಿದ್ದೇನೆ.