ಪಪೆಟ್ ಮೊದಲ ಸಲ ಎರರ್ ಕೊಟ್ಟು, ಎರಡನೇ ಸಲ ಸರಿಯಾಗಿ ಓಡುವುದು ಯಾಕೆ?

ಪಪೆಟ್ ಎಂದರೆ ಸರ್ವರ್ ಹೇಗಿರಬೇಕೆಂದು ಕೋಡಿನಲ್ಲಿ ಬರೆದರೆ ಅದನ್ನು ಹಾಗೆ ಸಜ್ಜುಗೊಳಿಸುವ ಸಾಧನ. ಹಾಸನದ ಕಾಫಿ ಕ್ಯೂರಿಂಗ್ ಘಟಕದ ಸರ್ವರ್‌ಗೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕುವ ನಿಮ್ಮ ಪಪೆಟ್ ಕೋಡಿನಲ್ಲಿ ಪ್ಯಾಕೇಜ್ (ಆ ತಂತ್ರಾಂಶದ ಕಟ್ಟು) ಒಂದು ಕ್ಲಾಸಿನಲ್ಲಿ (ಹೆಸರಿಟ್ಟ ಕೋಡ್ ತುಂಡಿನಲ್ಲಿ), ಕಾನ್ಫಿಗ್ ಫೈಲ್ (ಅದರ ಸೆಟ್ಟಿಂಗ್ ಕಡತ) ಇನ್ನೊಂದರಲ್ಲಿ ಇದೆ ಎಂದಿದ್ದೀರಿ. ತೊಂದರೆ ಇರುವುದೇ ಅಲ್ಲಿ. ಪ್ಯಾಕೇಜ್ ಬರುವ ಮೊದಲು ಕಾನ್ಫಿಗ್ ಇಡಬೇಕಾದ ಡೈರೆಕ್ಟರಿಯೇ ಇರುವುದಿಲ್ಲ, ಫೈಲ್ ಬರೆಯಲು ಹೋದರೆ ಎರರ್. ಅದೇ ರನ್ನಿನಲ್ಲಿ ಆಮೇಲೆ ಪ್ಯಾಕೇಜ್ ಕೂತುಬಿಡುತ್ತದೆ, ಹಾಗಾಗಿ ಎರಡನೇ ಸಲ ಎಲ್ಲ ಸಲೀಸು.

ಪಪೆಟ್‌ನ 4ನೇ ಆವೃತ್ತಿಯಿಂದ, ಬರೆದ ಕ್ರಮದಲ್ಲೇ ಪ್ಯಾಕೇಜ್, ಫೈಲ್, ಸರ್ವಿಸ್‌ನಂಥ ರಿಸೋರ್ಸ್‌ಗಳು ಜಾರಿಯಾಗುತ್ತವೆ, ನಿಜ. ಆದರೆ ಬೇರೆ ಬೇರೆ ಕ್ಲಾಸುಗಳ ನಡುವೆ ಅದನ್ನು ನೆಚ್ಚಿಕೊಳ್ಳಬೇಡಿ, ಸಂಬಂಧವನ್ನು ಬಾಯಿಬಿಟ್ಟು ಹೇಳಿ. ಪ್ಯಾಕೇಜಿನಿಂದ ಫೈಲಿಗೆ, ಬರೀ ಕ್ರಮ ಹೇಳುವ ಬಾಣ -> ಸಾಕು. ಫೈಲಿನಿಂದ ಸರ್ವಿಸಿಗೆ (ಓಡುತ್ತಿರುವ ಎಂಜಿನ್‌ಎಕ್ಸ್‌ಗೆ) ಮಾತ್ರ ~> ಹಾಕಿ: ಇದು ಕ್ರಮವನ್ನೂ ಕಾಯುತ್ತದೆ, ಫೈಲ್ ಬದಲಾದಾಗ ಸರ್ವಿಸನ್ನು ರೀಸ್ಟಾರ್ಟ್ ಕೂಡ ಮಾಡಿಸುತ್ತದೆ. ಒಂದು ಕ್ಲಾಸಿನೊಳಗೆ ಇನ್ನೊಂದನ್ನು ಕರೆಯುತ್ತಿದ್ದರೆ 'ಇನ್‌ಕ್ಲೂಡ್' ಬದಲು 'ಕಂಟೇನ್' ಬಳಸಿ, ಇಲ್ಲದಿದ್ದರೆ ಒಳಗಿನ ಕ್ಲಾಸ್ ಹೊರಗಿನ ಕ್ಲಾಸಿಗೆ ಹಾಕಿದ ಬಾಣದ ಕಟ್ಟಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಹಾಗಂತ ಸಿಕ್ಕಸಿಕ್ಕಲ್ಲಿ ಬಾಣ ಎಳೆಯಬೇಡಿ. ಅವು ಸುತ್ತಿ ಬಂದು ಒಂದನ್ನೊಂದು ಕಾಯತೊಡಗಿದರೆ ಪಪೆಟ್ 'ಡಿಪೆಂಡೆನ್ಸಿ ಸೈಕಲ್' ಎಂದು ಕೈಚೆಲ್ಲುತ್ತದೆ. ಆಗ ಗ್ರಾಫ್ ಆಪ್ಷನ್ ಕೊಟ್ಟು ಓಡಿಸಿ, ಗಂಟು ಎಲ್ಲಿದೆ ಎಂದು ಚಿತ್ರದಲ್ಲೇ ಕಾಣುತ್ತದೆ.