‘ಸರ್ಕಾರ ಗಮನ ಹರಿಸಬೇಕು’ ಅಂದರೆ ಸಾಲದು ಮೇಡಂ

ನಮಸ್ಕಾರ ಮೇಡಂ,

ನಿಮ್ಮ ‘ಆರೈಕೆಯ ದೇವತೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಲಕ್ವ ಹೊಡೆದು ಹಾಸಿಗೆ ಹಿಡಿದ ಮಾವನವರನ್ನು ನೀವು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೀರಿ. ಬರೆದಿರುವುದೂ ಅದನ್ನೇ. ಆದರೆ ಮೊದಲ ಮೂರು ಪುಟದಲ್ಲಿ ನೀವೂ ಇಲ್ಲ, ಅವರೂ ಇಲ್ಲ. ಬರೀ ತ್ಯಾಗ, ಸಂಸ್ಕೃತಿ, ಭೂಮಿತೂಕದ ತಾಳ್ಮೆ.

ನಾಲ್ಕನೇ ಪುಟದಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಬೆನ್ನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಮೊಬೈಲಿನಲ್ಲಿ ಅಲಾರಂ. ಯಜಮಾನರು ಆಲೆಮನೆಗೆ ಹೋದ ರಾತ್ರಿ ಒಬ್ಬರೇ ಹೊರಳಿಸಲು ಆಗದೆ, ಹಳೇ ಸೀರೆಯನ್ನು ಮಡಿಸಿ ಮಾವನವರ ಅಡಿಗೆ ಹಾಸಿ, ಅದರ ಅಂಚು ಹಿಡಿದು ಎಳೆಯುತ್ತೀರಿ. ಲೇಖನ ಶುರುವಾಗಬೇಕಾದ್ದು ಆ ಸೀರೆಯಿಂದ. ಅದರ ಹಿಂದಿನದ್ದೆಲ್ಲ ತೆಗೆಯಿರಿ.

‘ದೇವತೆ’ ಪದವನ್ನೂ ತೆಗೆಯಿರಿ. ನಮ್ಮ ತಾಯಿಯನ್ನು ಕೊನೆಯ ಎರಡು ವರ್ಷ ಮೈಸೂರಿನ ಮನೆಯಲ್ಲಿ ನೋಡಿಕೊಂಡವರು ನಮ್ಮ ಅತ್ತಿಗೆ. ನಾವೆಲ್ಲ ಅವರನ್ನು ದೇವತೆ ಅನ್ನುತ್ತಿದ್ದೆವು. ಒಂದು ವಾರ ತವರಿಗೆ ಹೋಗಿ ಬನ್ನಿ, ನಾವಿರುತ್ತೇವೆ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇನ್ನೊಂದು ಮಾತು. ಗಾರ್ಮೆಂಟ್ಸ್ ಕೆಲಸ ಬಿಟ್ಟೆ ಅಂತ ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಸಂಬಳ ಎಷ್ಟಿತ್ತು? ಪಿಎಫ್ ಏನಾಯಿತು? ಡೈಪರ್, ಯೂರಿನ್ ಬ್ಯಾಗ್, ಫಿಸಿಯೋಥೆರಪಿಗೆ ಬಾಡಿಗೆ ಕಾರು, ತಿಂಗಳಿಗೆ ಎಷ್ಟು? ಲೆಕ್ಕ ಬರೆಯಲು ಸಂಕೋಚ ಬೇಡ. ಮಾವನವರ ಮೇಲಿನ ಪ್ರೀತಿ ಅದರಿಂದ ಕಮ್ಮಿಯಾಗುವುದಿಲ್ಲ, ಅಲ್ವಾ? 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 134 ನಿಮಿಷ ಕೊಡುತ್ತಾರೆ, ಗಂಡಸರು 76 ನಿಮಿಷ. ಮಕ್ಕಳ ಆರೈಕೆಯೂ ಸೇರಿದ ಸರಾಸರಿ ಇದು. ನಿಮ್ಮ ರಾತ್ರಿಗಳನ್ನು ಇದರ ಪಕ್ಕ ಇಡಿ.

ಕೊನೆಯ ಸಾಲು, ‘ಸರ್ಕಾರ ಇತ್ತ ಗಮನ ಹರಿಸಬೇಕು.’ ಯಾವ ಸರ್ಕಾರ, ಯಾವ ಇಲಾಖೆ, ಏನು ಮಾಡಬೇಕು? ಇಲ್ಲಿ ನೀವು ಕೆಲಸ ಮಾಡಲೇಬೇಕು. 2007ರ ಹಿರಿಯ ನಾಗರಿಕರ ಕಾಯ್ದೆ ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುತ್ತದೆ. ನೋಡಿಕೊಳ್ಳುತ್ತಿರುವವರ ಕೈಗೆ ಅದರಿಂದ ಏನೂ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತಿದೆ. ನಮ್ಮ ರಾಜ್ಯದ 2024-25ರ ಬಜೆಟ್ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆದರೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕಕ್ಕೆ. ಲಕ್ವ ಆ ಪಟ್ಟಿಯಲ್ಲಿಲ್ಲ.

ನಿಮ್ಮ ವಾದ ಇಲ್ಲೇ ಇದೆ ಮೇಡಂ. ಕಾಯಿಲೆಯ ಹೆಸರು ನೋಡಿ ಯಾಕೆ ಕೊಡಬೇಕು? ಎದ್ದು ಕೂರಲು, ಉಣ್ಣಲು, ಮಗ್ಗುಲು ತಿರುಗಲು ಇನ್ನೊಬ್ಬರು ಬೇಕೇಬೇಕು ಅನ್ನುವುದನ್ನು ನೋಡಿ ಕೊಡಲಿ. ದುಡ್ಡಿನ ಜೊತೆ ತಿಂಗಳಿಗೆ ಎರಡು ದಿನವಾದರೂ ನಿಮ್ಮ ಬದಲಿಗೆ ಬಂದು ಕೂರುವ, ಕೆಲಸ ಗೊತ್ತಿರುವ ಒಬ್ಬರನ್ನು ಕೇಳಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಹೆಸರು ಹಿಡಿದೇ ಕೇಳಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಗ್ಗುಲು ಬದಲಿಸುವುದು ಹೇಗೆ ಅಂತ ಯಾರೂ ತೋರಿಸಲಿಲ್ಲ ಎಂದಿದ್ದೀರಿ. ಅದನ್ನು ಬಿಡಬೇಡಿ. ಸೀರೆಯ ಉಪಾಯ ನಿಮಗೆ ಎಷ್ಟು ದಿನದ ಮೇಲೆ ಹೊಳೆಯಿತು, ಅಷ್ಟರಲ್ಲಿ ಹುಣ್ಣಾಗಿತ್ತಾ, ಅದನ್ನೂ ಬರೆಯಿರಿ.

ಮುಂದಿನ ತಿಂಗಳ 10ನೇ ತಾರೀಖಿನವರೆಗೂ ಜಾಗ ಇಟ್ಟಿರುತ್ತೇನೆ. ಎರಡು ಅಲಾರಂ ನಡುವೆ ಕೂತು ಬರೆಯಬೇಡಿ, ಮಲಗಿ. ಹಗಲು ಬಿಡುವಾದಾಗ ಫೋನ್ ಮಾಡಿ ಹೇಳಿದರೂ ಸಾಕು. ನಾನೇ ಬರೆದುಕೊಂಡು ನಿಮಗೆ ಓದಿ ಹೇಳುತ್ತೇನೆ.

ಇಂತಿ,
ಸಂಪಾದಕ
ಮೈಸೂರು